ಕಬ್ಬು ಗಾಳಿಗೆ ತೂಗಬೇಕು, ನಾಲೆ ನೀರು ಕೆಂಪಗಿರಬೇಕು: ಮೈನ್‌ಕ್ರಾಫ್ಟ್ ಶೇಡರ್ ತಿದ್ದುಪಡಿಗಳನ್ನು ಗುಂಪಾಗಿ ಬರೆದಿಡುವುದು ಹೇಗೆ?

ಮಳೆಗಾಲದಲ್ಲಿ ಕನ್ನಂಬಾಡಿಯಿಂದ ವಿ.ಸಿ. ನಾಲೆಗೆ ನೀರು ಬಿಟ್ಟಾಗ ನೋಡಿದ್ದೀರಾ? ಹಾಲು ಕಮ್ಮಿ ಹಾಕಿದ ಟೀ ಬಣ್ಣ. ನಮ್ಮ ಮೈಸೂರು-ಮಂಡ್ಯ ಗುಂಪಿನವರು ಬ್ಲಾಕ್ ಜೋಡಿಸಿ ಕಟ್ಟುವ ಆಟ ಮೈನ್‌ಕ್ರಾಫ್ಟ್‌ನಲ್ಲಿ ಅದೇ ನಾಲೆಯನ್ನು ಹುಲಿಕೆರೆ ಸುರಂಗದ ಸಮೇತ ಕಟ್ಟಿದೆವು. ನೀರು ಮಾತ್ರ ಈಜುಕೊಳದ ಹಾಗೆ ನೀಲಿಯಾಗಿ ಹೊಳೆಯುತ್ತಿತ್ತು. ಮದ್ದೂರಿನ ಹುಡುಗನೊಬ್ಬ ಒಂದು ರಾತ್ರಿ ಕೂತು ಶೇಡರ್ (ಆಟದ ಬೆಳಕು, ಬಣ್ಣ ಹೇಗಿರಬೇಕು ಅಂತ ಹೇಳುವ ಕೋಡ್) ತಿದ್ದಿ ಅದನ್ನು ಕೆಂಪು ಮಾಡಿದ. ಹೇಗೋ ಮಾಡ್ದೆ ಅಂತ ಎಲ್ಲರೂ ಕೇಳಿದ್ದಕ್ಕೆ ವಾಟ್ಸಾಪ್‌ನಲ್ಲಿ ಮೂರು ವಾಯ್ಸ್ ನೋಟ್ ಹಾಕಿದ. ಆರು ತಿಂಗಳ ಮೇಲೆ ಅವನ ಲ್ಯಾಪ್‌ಟಾಪ್ ಕೆಟ್ಟಿತು. ವಾಯ್ಸ್ ನೋಟ್ ಯಾರ ಫೋನಿನಲ್ಲೂ ಉಳಿದಿರಲಿಲ್ಲ. ಏನು ಮಾಡಿದ್ದೆ ಅಂತ ಅವನಿಗೇ ನೆನಪಿಲ್ಲ. ನೀರು ಮತ್ತೆ ನೀಲಿ.

ಅವತ್ತು ಬರೆದಿಡೋಣ ಅಂತ ಕೂತೆವು. ಮೊದಲ ಸಲ ಬರೆದಿದ್ದನ್ನು ಯಾರೂ ಓದಲಿಲ್ಲ. ಎರಡನೇ ಸಲ ಜೋಡಿಸಿದ ರೀತಿ ಕೆಲಸಕ್ಕೆ ಬಂತು. ಅದನ್ನೇ ಇಲ್ಲಿ ಹೇಳುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಫೈಲಿನ ಹೆಸರುಗಳನ್ನು ಓದೋಕೆ ಸುಲಭ ಆಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ನಿಮ್ಮ ದಾಖಲೆಯಲ್ಲಿ ಹಾಗೆ ಮಾಡಬೇಡಿ. ಫೈಲಿನ ಹೆಸರು, ಕೋಡಿನ ಸಾಲು ಇಂಗ್ಲಿಷ್ ಅಕ್ಷರದಲ್ಲೇ, ಒಂದು ಚುಕ್ಕಿಯೂ ಆಚೀಚೆ ಆಗದ ಹಾಗೆ ಇರಬೇಕು. ಓದುವವರು ಅದನ್ನು ಕಾಪಿ ಮಾಡಿ ಹುಡುಕುತ್ತಾರೆ.

ಮೊದಲು ಬೇಲಿ ಹಾಕಿ

ಶೇಡರ್ ಅಂದರೆ ಗ್ರಾಫಿಕ್ಸ್ ಕಾರ್ಡ್ ಮೇಲೆ ಓಡುವ ಸಣ್ಣ ಸಣ್ಣ ಪ್ರೋಗ್ರಾಮ್‌ಗಳು. ಒಂದು ಕಲ್ಲಿನ ಮೇಲೆ ಬಿಸಿಲು ಹೇಗೆ ಬೀಳಬೇಕು, ಎಲೆ ಎಷ್ಟು ಅಲುಗಾಡಬೇಕು ಅಂತ ಅವು ಹೇಳುತ್ತವೆ. ಇಷ್ಟು ಗೊತ್ತಿದ್ದರೆ ಸಾಕು, ಮುಂದಕ್ಕೆ ಹೋಗಬಹುದು.

ದಾಖಲೆಯ ಮೊದಲ ಪುಟದಲ್ಲಿ ನಾಲ್ಕು ಸಾಲು ಬರೆಯಿರಿ. ಆಟದ ಯಾವ ಎಡಿಷನ್, ಯಾವ ವರ್ಷನ್, ಶೇಡರ್ ಓಡಿಸಲು ಆಪ್ಟಿಫೈನ್ ಬಳಸುತ್ತಿದ್ದೀರಾ ಐರಿಸ್ ಬಳಸುತ್ತಿದ್ದೀರಾ, ಯಾವ ಶೇಡರ್ ಪ್ಯಾಕ್ (ಒಟ್ಟಿಗೆ ಸಿಗುವ ಶೇಡರ್ ಫೈಲುಗಳ ಕಟ್ಟು). ಇದನ್ನು ಬರೆಯದೆ ಶುರು ಮಾಡಿದರೆ ವಾರದೊಳಗೆ ಯಾರಾದರೂ ಬಂದು "ನನ್ನ ಮೊಬೈಲ್‌ನಲ್ಲಿ ಆಗ್ತಿಲ್ಲ" ಅನ್ನುತ್ತಾರೆ. ಅವರದು ಬೆಡ್‌ರಾಕ್ ಎಡಿಷನ್. ಜಾವಾ ಎಡಿಷನ್‌ನ ಶೇಡರ್ ಪ್ಯಾಕ್ ಅದರಲ್ಲಿ ಓಡುವುದೇ ಇಲ್ಲ. ನಾವು ಜಾವಾ ಮಾತ್ರ, ಅದರಲ್ಲೂ ಒಂದೇ ಒಂದು ಪ್ಯಾಕ್ ಅಂತ ಬೇಲಿ ಹಾಕಿಕೊಂಡೆವು. ಎಲ್ಲ ಪ್ಯಾಕ್‌ಗಳಿಗೂ ಬರೆಯುತ್ತೇವೆ ಅಂತ ಹೊರಟ ಇನ್ನೊಂದು ಗುಂಪಿನ ದಾಖಲೆ ಮುನ್ನುಡಿ ದಾಟಲಿಲ್ಲ.

ಚದುರಿದ್ದನ್ನು ಒಂದು ಕಡೆ ಸುರಿಯಿರಿ

ನಿಮ್ಮ ಗುಂಪಿಗೆ ಗೊತ್ತಿರುವುದೆಲ್ಲ ಈಗ ಎಲ್ಲೆಲ್ಲೋ ಇದೆ. ವಾಟ್ಸಾಪ್‌ನಲ್ಲಿ, ಡಿಸ್ಕಾರ್ಡ್‌ನಲ್ಲಿ, ಯಾರದೋ ಡೆಸ್ಕ್‌ಟಾಪ್ ಮೇಲೆ "ಹೊಸದು ಫೈನಲ್ 3" ಅನ್ನೋ ಫೋಲ್ಡರ್‌ನಲ್ಲಿ. ಒಂದು ಭಾನುವಾರ ಎಲ್ಲರೂ ಕೂತು ಅದನ್ನೆಲ್ಲ ಒಂದೇ ಡಾಕ್ಯುಮೆಂಟ್‌ಗೆ ಸುರಿಯಿರಿ. ತಿದ್ದಬೇಡಿ, ಜೋಡಿಸಬೇಡಿ. ಸುಮ್ನೆ ಸುರಿಯಿರಿ. ನಾವು ಸರಸ್ವತಿಪುರಂನ ಒಂದು ಮನೆಯ ಮಹಡಿಯಲ್ಲಿ ಕೂತು ಈ ಕೆಲಸ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ನಲವತ್ತು ಚೂರು ಸಿಕ್ಕವು, ಅದರಲ್ಲಿ ಅರ್ಧ ಒಂದೇ ವಿಷಯದ ಮೇಲೆ.

ಪ್ರತಿ ಚೂರಿನ ಜೊತೆ ಮೂರು ವಿಷಯ ಇರಲೇಬೇಕು: ಯಾರು ಮಾಡಿ ನೋಡಿದರು, ಯಾವತ್ತು, ಯಾವ ಗ್ರಾಫಿಕ್ಸ್ ಕಾರ್ಡ್ ಮೇಲೆ. ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಅದು ಯಾಕೆ ಮುಖ್ಯ ಅಂತ ಮುಂದೆ ಬರುತ್ತದೆ.

ಹಳೆಯ ಇಂಟರ್ನೆಟ್ ಗೈಡ್‌ಗಳಿಂದ ತಂದ ಚೂರುಗಳ ಮೇಲೆ ಒಂದು ಕಣ್ಣಿಡಿ. ಮೊದಲೆಲ್ಲ ಮೈನ್‌ಕ್ರಾಫ್ಟ್‌ನಲ್ಲಿ ಪ್ರತಿ ಬ್ಲಾಕ್‌ಗೂ ಒಂದು ನಂಬರ್ ಇತ್ತು. ಕಬ್ಬಿನದು 83. ಶೇಡರ್‌ನಲ್ಲಿ "ನಂಬರ್ 83 ಆದರೆ ಅಲ್ಲಾಡಿಸು" ಅಂತ ಬರೆದರೆ ಆಗುತ್ತಿತ್ತು. 2018ರಲ್ಲಿ ಬಂದ 1.13 ವರ್ಷನ್‌ನಲ್ಲಿ ಆ ನಂಬರ್‌ಗಳು ಹೋಗಿ ಹೆಸರುಗಳು ಬಂದವು. ಹಾಗೇ 2021ರ 1.17ರಲ್ಲಿ ಆಟ ಚಿತ್ರ ಬಿಡಿಸುವ ವಿಧಾನ ಬದಲಾಯಿಸಿ ಓಪನ್ ಜಿಎಲ್ 3.2 ಕೋರ್ ಪ್ರೊಫೈಲ್‌ಗೆ ಹೋಯಿತು. ಇವೆರಡಕ್ಕಿಂತ ಹಿಂದಿನ ಸಲಹೆ ಕಂಡರೆ ಬಿಸಾಡಬೇಡಿ, "ಹಳೇದು, ಮತ್ತೆ ಮಾಡಿ ನೋಡಬೇಕು" ಅಂತ ಗುರುತು ಹಾಕಿ.

ಕಣ್ಣಿಗೆ ಕಾಣುವ ಪ್ರಕಾರ ಜೋಡಿಸಿ

ನಾವು ಮೊದಲ ಸಲ ತಪ್ಪಿದ್ದು ಇಲ್ಲೇ. ಫೈಲಿನ ಪ್ರಕಾರ ಅಧ್ಯಾಯ ಮಾಡಿದ್ದೆವು. ಜಿಬಫರ್ಸ್ ಟೆರೇನ್ ಒಂದು ಅಧ್ಯಾಯ, ಜಿಬಫರ್ಸ್ ವಾಟರ್ ಒಂದು, ಶ್ಯಾಡೋ, ಕಾಂಪೋಸಿಟ್, ಫೈನಲ್ ಅಂತ ಒಂದೊಂದು. ಬರೆದ ನಮಗೆ ಬಹಳ ಚೆನ್ನಾಗಿ ಕಂಡಿತು. ಆದರೆ ಹೊಸದಾಗಿ ಬಂದವರು ಯಾರೂ "ನನಗೆ ಕಾಂಪೋಸಿಟ್ ಬಗ್ಗೆ ಹೇಳಿ" ಅಂತ ಕೇಳುವುದಿಲ್ಲ. "ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತೆ, ಏನ್ಮಾಡ್ಲಿ?" ಅಂತ ಕೇಳುತ್ತಾರೆ. ಯಾವ ಫೈಲು ಅಂತ ಗೊತ್ತಿದ್ದರೆ ಅವರಿಗೆ ನಮ್ಮ ದಾಖಲೆಯೇ ಬೇಕಿರಲಿಲ್ಲ ಅಲ್ವಾ?

ಹಾಗಾಗಿ ಹೊಸ ಪಟ್ಟಿ ಹೀಗೆ ಆಯಿತು: ನೀರು, ಆಕಾಶ, ಗಿಡ-ಬೆಳೆ, ನೆರಳು, ದೀಪ, ಮತ್ತೆ "ಲ್ಯಾಪ್‌ಟಾಪ್ ಬಿಸಿಯಾಗುತ್ತೆ". ಕೊನೆಯದೇ ಜಾಸ್ತಿ ಜನ ತೆರೆಯುವ ಪುಟ. ಅದರ ಮೊದಲ ಸಲಹೆ, ಶ್ಯಾಡೋ ಮ್ಯಾಪ್ (ನೆರಳು ಲೆಕ್ಕ ಹಾಕುವ ಚಿತ್ರ) ರೆಸಲ್ಯೂಷನ್ 2048 ಇದ್ದರೆ 1024ಕ್ಕೆ ಇಳಿಸಿ ಅನ್ನೋದು. ಎರಡೂ ಕಡೆ ಅರ್ಧ ಆಗುವುದರಿಂದ ನೆರಳಿಗೆ ಲೆಕ್ಕ ಹಾಕುವ ಚುಕ್ಕಿಗಳು ನಾಲ್ಕನೇ ಒಂದು ಭಾಗಕ್ಕೆ ಬರುತ್ತವೆ. ನೆರಳಿನ ಅಂಚು ಸ್ವಲ್ಪ ಒರಟಾಗುತ್ತದೆ, ಫ್ಯಾನ್ ಸದ್ದು ಇಳಿಯುತ್ತದೆ.

ಪುಟದ ತಲೆಬರಹ ಕೇಳುವವರ ಬಾಯಲ್ಲಿ ಬರುವ ಮಾತೇ ಆಗಿರಲಿ. "ನೀರಿನ ಬಣ್ಣ ಬದಲಾಯಿಸಿದೆ, ಕಿಟಕಿ ಗಾಜೂ ಕೆಂಪಾಯ್ತು" ಅನ್ನೋದು ನಮ್ಮಲ್ಲಿ ನಿಜವಾಗಿ ಇರುವ ತಲೆಬರಹ. ಇದು ಆಗಿದ್ದು ಹೀಗೆ. ಗುಂಪಿನಲ್ಲಿ ಇಬ್ಬರು ಸೇಂಟ್ ಫಿಲೋಮಿನಾ ಚರ್ಚ್ ಕಟ್ಟುತ್ತಿದ್ದರು, ಬಣ್ಣದ ಗಾಜಿನ ಕಿಟಕಿಗಳ ಸಮೇತ. ನಾಲೆಗೆ ಕೆಂಪು ನೀರು ಹಾಕಿದ ಮರುದಿನ ಚರ್ಚಿನ ಕಿಟಕಿಗಳೆಲ್ಲ ಕೆಸರು ಎರಚಿದ ಹಾಗೆ ಕಂಡವು. ಕಾರಣ ಇಷ್ಟೇ: ಜಿಬಫರ್ಸ್ ವಾಟರ್ ಅನ್ನೋ ಹೆಸರು ನಂಬಿ ಮೋಸ ಹೋಗಬಾರದು. ಅದು ನೀರನ್ನು ಮಾತ್ರ ಬಿಡಿಸುವುದಿಲ್ಲ, ಬಣ್ಣದ ಗಾಜು, ಐಸ್ ಹೀಗೆ ಅರೆಪಾರದರ್ಶಕ ಬ್ಲಾಕ್‌ಗಳನ್ನೆಲ್ಲ ಅದೇ ಬಿಡಿಸುತ್ತದೆ. ಬಣ್ಣ ಹಾಕುವ ಮುಂಚೆ "ಇದು ನೀರೇ ತಾನೇ?" ಅಂತ ಬ್ಲಾಕ್ ಐಡಿ (ಪ್ಯಾಕ್ ಬರೆದವರು ಆ ಬ್ಲಾಕಿಗೆ ಕೊಟ್ಟ ನಂಬರ್) ನೋಡುವ ಒಂದು ಷರತ್ತು ಬೇಕು. ನಮ್ಮ ನಾಲೆಯ ಬಣ್ಣ ಕೆಂಪು 0.42, ಹಸಿರು 0.28, ನೀಲಿ 0.16. ಶೇಡರ್‌ನಲ್ಲಿ ಬಣ್ಣ 0ಯಿಂದ 1ರವರೆಗೆ ಬರೆಯುತ್ತಾರೆ, 255ರವರೆಗೆ ಅಲ್ಲ. ಇದನ್ನೂ ಪುಟದಲ್ಲೇ ಹೇಳಿ.

ಫೈಲುಗಳ ಪಟ್ಟಿಯನ್ನು ಪೂರ್ತಿ ಬಿಡಬೇಡಿ. ಅದನ್ನು ಒಂದೇ ಪುಟದ ನಕಾಶೆ ಮಾಡಿ ಕೊನೆಯಲ್ಲಿ ಇಡಿ. ಯಾವ ಫೈಲು ಏನು ಬಿಡಿಸುತ್ತದೆ, ಯಾವುದು ಮೊದಲು ಓಡುತ್ತದೆ, ಅಷ್ಟೇ. ಕೈ ಪಳಗಿದವರು ನೇರ ಅಲ್ಲಿಗೇ ಹೋಗುತ್ತಾರೆ.

ಸೆಟ್ಟಿಂಗಾ, ಕೋಡಾ?

ಪ್ರತಿ ಪುಟದ ಮೊದಲ ಸಾಲಿನಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿ. ಅರ್ಧಕ್ಕಿಂತ ಜಾಸ್ತಿ ಬದಲಾವಣೆಗಳಿಗೆ ಕೋಡ್ ಮುಟ್ಟುವುದೇ ಬೇಡ. ಪ್ಯಾಕಿನ ಸೆಟ್ಟಿಂಗ್ಸ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು. ಉದಾಹರಣೆಗೆ ದೀಪದ ಪುಟ. ನಮ್ಮಲ್ಲಿ ಅರಮನೆ ಕಟ್ಟಿದ ಪ್ರತಿಯೊಬ್ಬರಿಗೂ ಅದು ಭಾನುವಾರ ಸಂಜೆಯ ಹಾಗೆ, ಸುಮಾರು ಒಂದು ಲಕ್ಷ ಬಲ್ಬ್ ಹತ್ತಿದ ಹಾಗೆ ಕಾಣಬೇಕು ಅನ್ನೋ ಆಸೆ. ಬ್ಲೂಮ್ (ದೀಪದ ಸುತ್ತ ಹರಡುವ ಪ್ರಭೆ) ಸೆಟ್ಟಿಂಗ್ ಏರಿಸುತ್ತಾ ಹೋಗುತ್ತಾರೆ. ಅರಮನೆ ಹೋಗಿ ಒಂದು ದೊಡ್ಡ ಹಳದಿ ಉಂಡೆ ಉಳಿಯುತ್ತದೆ. ಬ್ಲೂಮ್ ಕಮ್ಮಿ ಮಾಡಿದಾಗಲೇ ಬಲ್ಬ್‌ಗಳು ಬಿಡಿಬಿಡಿಯಾಗಿ ಕಾಣುವುದು.

ಸೆಟ್ಟಿಂಗ್‌ನಿಂದ ಆಗುವ ಬದಲಾವಣೆ ಹಂಚುವುದೂ ಸುಲಭ. ಶೇಡರ್‌ಪ್ಯಾಕ್ಸ್ ಫೋಲ್ಡರ್‌ನಲ್ಲಿ ಪ್ಯಾಕಿನ ಪಕ್ಕದಲ್ಲೇ ಅದೇ ಹೆಸರಿನ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ. ನೀವು ಬದಲಾಯಿಸಿದ ಆಯ್ಕೆಗಳೆಲ್ಲ ಅದರೊಳಗೆ. ಅಷ್ಟನ್ನೇ ಕಳಿಸಿದರೆ ಸಾಕು.

ಒಂದು ಪುಟ ಪೂರ್ತಿ: ಕಬ್ಬು ತೂಗಿಸುವುದು

ಮಾದರಿ ಪುಟ ಒಂದು ಚೆನ್ನಾಗಿ ಬಂದರೆ ಉಳಿದವರು ಅದನ್ನು ನೋಡಿಕೊಂಡು ಬರೆಯುತ್ತಾರೆ. ನಮ್ಮ ಮಾದರಿ ಪುಟ ಕಬ್ಬಿನದು. ಮಂಡ್ಯದವರಿದ್ದ ಮೇಲೆ ಬೇರೆ ಯಾವುದು ಇರುತ್ತೆ? ನಾವು ತೆಗೆದುಕೊಂಡ ಪ್ಯಾಕ್‌ನಲ್ಲಿ ಹುಲ್ಲು ತೂಗುತ್ತಿತ್ತು, ಎಲೆ ತೂಗುತ್ತಿತ್ತು, ಕಬ್ಬು ಮಾತ್ರ ಕಂಬಿ ನೆಟ್ಟ ಹಾಗೆ ನಿಂತಿರುತ್ತಿತ್ತು. ಪುಟದಲ್ಲಿರುವುದು ಹೀಗೆ:

1. ಪ್ಯಾಕಿನ ಜಿಪ್ ಬಿಚ್ಚಿ, ಫೋಲ್ಡರನ್ನೇ ಶೇಡರ್‌ಪ್ಯಾಕ್ಸ್ ಒಳಗೆ ಇಡಿ. ಫೋಲ್ಡರ್ ಆಗಿದ್ದರೂ ಓಡುತ್ತದೆ. ಪ್ರತಿ ಸಲ ಜಿಪ್ ಮಾಡುವ ತಾಪತ್ರಯ ಇಲ್ಲ. ಮೂಲ ಜಿಪ್ ಹಾಗೇ ಇರಲಿ.

2. ಶೇಡರ್ಸ್ ಫೋಲ್ಡರ್‌ನಲ್ಲಿ ಬ್ಲಾಕ್ ಡಾಟ್ ಪ್ರಾಪರ್ಟೀಸ್ ತೆರೆಯಿರಿ. ಅದರಲ್ಲಿ ಒಂದೊಂದು ನಂಬರಿನ ಮುಂದೆ ಬ್ಲಾಕ್‌ಗಳ ಹೆಸರು ಸಾಲಾಗಿ ಇರುತ್ತವೆ. ಈ ನಂಬರ್‌ಗಳು ಆ ಪ್ಯಾಕ್ ಬರೆದವರು ಇಟ್ಟುಕೊಂಡವು, ಇನ್ನೊಂದು ಪ್ಯಾಕ್‌ನಲ್ಲಿ ಬೇರೆ ಇರುತ್ತವೆ.

3. ಶುಗರ್ ಕೇನ್ ಅಂತ ಹುಡುಕಿ. ಬೇರೆ ಯಾವುದಾದರೂ ನಂಬರಿನ ಕೆಳಗಿದ್ದರೆ ಅಲ್ಲಿಂದ ತೆಗೆಯಿರಿ. ಒಂದೇ ಬ್ಲಾಕ್ ಎರಡು ಕಡೆ ಇರಬಾರದು.

4. ಅದನ್ನು ಎಲೆಗಳ ಗುಂಪಿಗೆ, ಅಂದರೆ ಎಲೆಗಳಿರುವ ನಂಬರಿನ ಸಾಲಿಗೆ ಸೇರಿಸಿ. ಹುಲ್ಲಿನ ಗುಂಪಿಗೆ ಅಲ್ಲ.

5. ಫೈಲ್ ಸೇವ್ ಮಾಡಿ ಆಟದೊಳಗೆ ಶೇಡರ್ ರೀಲೋಡ್ ಮಾಡಿ. ಐರಿಸ್‌ನಲ್ಲಿ ಆರ್ ಕೀ, ಆಪ್ಟಿಫೈನ್‌ನಲ್ಲಿ ಎಫ್3 ಹಿಡಿದು ಆರ್.

ಹಂತಗಳು ಇಷ್ಟೇ. ಆದರೆ ಈ ಪುಟಕ್ಕೆ ಬೆಲೆ ಬಂದಿದ್ದು ಅದರ ಕೆಳಗೆ ಬರೆದ "ಯಾಕೆ" ಮತ್ತು "ಏನು ಕೆಡುತ್ತೆ" ಅನ್ನೋ ಭಾಗದಿಂದ. ನಾಲ್ಕನೇ ಹಂತವನ್ನೇ ನೋಡಿ. ನಾವೂ ಮೊದಲು ಹುಲ್ಲಿನ ಗುಂಪಿಗೇ ಸೇರಿಸಿದ್ದೆವು. ಹುಲ್ಲು ಒಂದು ಬ್ಲಾಕ್ ಎತ್ತರ. ಬುಡ ಅಲುಗಾಡಬಾರದು, ತುದಿ ತೂಗಬೇಕು ಅಂತ ಶೇಡರ್ ಬ್ಲಾಕಿನ ಮೇಲಿನ ಮೂಲೆಗಳನ್ನು ಮಾತ್ರ ಸರಿಸುತ್ತದೆ. ಕಬ್ಬು ಮೂರು ಬ್ಲಾಕ್ ಎತ್ತರಕ್ಕೆ ಬೆಳೆಯುತ್ತದೆ. ಪ್ರತಿ ಬ್ಲಾಕಿನ ತಲೆ ಸರಿದು, ಅದರ ಮೇಲಿನ ಬ್ಲಾಕಿನ ಬುಡ ಅಲ್ಲೇ ನಿಂತರೆ ಏನಾಗುತ್ತದೆ? ಜಲ್ಲೆ ಗಂಟು ಗಂಟಿಗೂ ಮುರಿದ ಹಾಗೆ ಕಾಣುತ್ತದೆ. ಗಾಳಿಗೆ ತೂಗುವ ಗದ್ದೆ ಬೇಕು ಅಂತ ಹೋದರೆ ಆನೆ ನುಗ್ಗಿದ ಗದ್ದೆ ಬಂತು.

ಎಲೆಗಳ ಗುಂಪಿನ ಲೆಕ್ಕ ಬೇರೆ. ಅಲ್ಲಿ ಮೇಲೆ ಕೆಳಗೆ ಅನ್ನೋ ಭೇದ ಇಲ್ಲ. ಆ ಮೂಲೆ ಲೋಕದಲ್ಲಿ ಎಲ್ಲಿದೆ ಅಂತ ನೋಡಿ ಅಷ್ಟು ಸರಿಸುತ್ತದೆ. ಕೆಳಗಿನ ಬ್ಲಾಕಿನ ತಲೆ, ಮೇಲಿನ ಬ್ಲಾಕಿನ ಬುಡ ಎರಡೂ ಒಂದೇ ಜಾಗದಲ್ಲಿ ಇರುವುದರಿಂದ ಎರಡೂ ಒಟ್ಟಿಗೆ ಸರಿಯುತ್ತವೆ. ಗಂಟು ಬಿಡುವುದಿಲ್ಲ. ಆದರೆ ಅತಿ ಕೆಳಗಿನ ಬುಡವೂ ಮಣ್ಣಿನ ಮೇಲೆ ಜಾರುತ್ತದೆ. ಇದಕ್ಕೆ ಪೂರ್ತಿ ಪರಿಹಾರ ಇಲ್ಲ, ಯಾಕೆಂದರೆ ಈ ಬ್ಲಾಕ್ ನೆಲದಿಂದ ಎಷ್ಟನೆಯದು ಅಂತ ಶೇಡರ್‌ಗೆ ಗೊತ್ತಾಗುವುದಿಲ್ಲ. ತೂಗಾಟವನ್ನು 0.05 ಬ್ಲಾಕಿಗೆ ಇಳಿಸಿದೆವು. ಅಷ್ಟಾದರೆ ಕಣ್ಣಿಗೆ ಬೀಳುವುದಿಲ್ಲ. ಪರಿಹಾರ ಇಲ್ಲದ್ದನ್ನು ಇಲ್ಲ ಅಂತಲೇ ಬರೆಯಿರಿ. ಓದುವವರ ಒಂದು ಸಂಜೆ ಉಳಿಯುತ್ತದೆ.

ಇನ್ನೂ ಎರಡು ಎಡವಟ್ಟುಗಳು ಆ ಪುಟದಲ್ಲಿವೆ. ತೂಗಾಟದ ಕೋಡನ್ನು ನೀವೇ ಬರೆಯುತ್ತಿದ್ದರೆ ಮೂಲೆಯ ಸ್ಥಾನಕ್ಕೆ ಕ್ಯಾಮೆರಾ ಪೊಸಿಷನ್ ಕೂಡಿಸಲೇಬೇಕು. ಶೇಡರ್‌ನಲ್ಲಿ ಕೈಗೆ ಸಿಗುವ ಸ್ಥಾನ ಆಟಗಾರನಿಂದ ಅಳೆದಿದ್ದು. ಕೂಡಿಸದಿದ್ದರೆ ನೀವು ನಡೆದಾಗಲೆಲ್ಲ ಗದ್ದೆ ಪೂರ್ತಿ ನಿಮ್ಮ ಜೊತೆ ಬಳುಕುತ್ತದೆ. ಎರಡನೆಯದು ನೆರಳು. ನೆರಳನ್ನು ಬಿಡಿಸುವುದು ಶ್ಯಾಡೋ ಅನ್ನೋ ಬೇರೆ ಪ್ರೋಗ್ರಾಮ್. ತೂಗಾಟವನ್ನು ಅಲ್ಲೂ ಹಾಕದಿದ್ದರೆ ಕಬ್ಬು ತೂಗುತ್ತದೆ, ನೆರಳು ಅಲ್ಲಾಡದೆ ಬಿದ್ದಿರುತ್ತದೆ. ಹಗಲು ಹೊತ್ತಲ್ಲೇ ದೆವ್ವದ ಸಿನಿಮಾ. ಇನ್ನು, ಶೇಡರ್ ಒಳಗಿನ ಸಮಯದ ಗಡಿಯಾರ, ಅಂದರೆ ಫ್ರೇಮ್ ಟೈಮ್ ಕೌಂಟರ್, 3600 ಸೆಕೆಂಡ್‌ಗೊಮ್ಮೆ ಸೊನ್ನೆಗೆ ಬರುತ್ತದೆ. ಗಂಟೆಗೊಮ್ಮೆ ಗದ್ದೆ ಬೆಚ್ಚಿಬಿದ್ದ ಹಾಗೆ ಕಂಡರೆ ಕಾರಣ ಅದೇ, ಗಾಬರಿ ಬೇಡ.

ಕೋಡಿನ ಜಾಗ ಹೇಳುವಾಗ "214ನೇ ಸಾಲು" ಅಂತ ಬರೆಯಬೇಡಿ. ಪ್ಯಾಕ್ ಅಪ್‌ಡೇಟ್ ಆದರೆ ಆ ಸಾಲು ಬೇರೆಲ್ಲೋ ಹೋಗಿರುತ್ತದೆ. ಪಕ್ಕದ ಎರಡು ಸಾಲನ್ನು ಹಾಗೇ ಕೊಟ್ಟು "ಇದನ್ನು ಹುಡುಕಿ, ಇದರ ಕೆಳಗೆ" ಅನ್ನಿ.

ಮುಂಚೆ-ಆಮೇಲೆ ಫೋಟೋಗಳು

ಮುಂಚಿನದು ಬೆಳಗ್ಗೆ ತೆಗೆದದ್ದು, ಆಮೇಲಿನದು ಸಂಜೆ ತೆಗೆದದ್ದು ಆದರೆ ಹೋಲಿಸುವುದು ಹೇಗೆ? ಒಂದು ಪರೀಕ್ಷಾ ಲೋಕ ಮಾಡಿ ಎಲ್ಲರೂ ಅದರ ಕಾಪಿ ಇಟ್ಟುಕೊಳ್ಳಿ. ಟಿಪಿ ಕಮಾಂಡ್ ಕೊಟ್ಟು ಒಂದೇ ಜಾಗಕ್ಕೆ ಹೋಗಿ, ಟೈಮ್ ಸೆಟ್ ನೂನ್ ಕೊಡಿ, ವೆದರ್ ಕ್ಲಿಯರ್ ಕೊಡಿ. ಎಫ್1 ಒತ್ತಿದರೆ ಪರದೆಯ ಮೇಲಿನ ಪಟ್ಟಿಗಳೆಲ್ಲ ಮಾಯ, ಎಫ್2 ಒತ್ತಿದರೆ ಫೋಟೋ. ಫೋಟೋ ಹೆಸರಿನಲ್ಲಿ ಪುಟದ ಹೆಸರು ಮತ್ತು ತಾರೀಕು ಸೇರಿಸಿ.

ಬರೆಯದವರ ಕೈಗೆ ಕೊಡಿ

ಬರೆದವರು ತಾವೇ ಪರೀಕ್ಷೆ ಮಾಡಿದರೆ ಪ್ರಯೋಜನ ಕಮ್ಮಿ. ತಲೆಯಲ್ಲಿರುವುದನ್ನು ಪುಟದಲ್ಲಿದೆ ಅಂದುಕೊಂಡೇ ಓದುತ್ತಾರೆ. ಆ ಪುಟ ನೋಡಿರದ ಒಬ್ಬರನ್ನು ಕೂರಿಸಿ, ಬರೆದವರು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂರಲಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ಒಂದು ಸಾಲು ಸೇರಿಸಿ. ಬಾಯಿ ಮುಚ್ಚಿಕೊಳ್ಳುವುದೇ ಇದರಲ್ಲಿ ಕಷ್ಟದ ಕೆಲಸ.

ಕನಿಷ್ಠ ಎರಡು ತರಹದ ಗ್ರಾಫಿಕ್ಸ್ ಮೇಲೆ ಓಡಿಸಿ. ಗ್ರಾಫಿಕ್ಸ್ ಕಾರ್ಡ್ ಹೆಸರು ಬೇಕೇ ಬೇಕು ಅಂದೆನಲ್ಲ, ಅದು ಇದಕ್ಕೇ. ಶೇಡರ್ ಕೋಡನ್ನು ಕಂಪೈಲ್ ಮಾಡುವುದು, ಅಂದರೆ ಕಾರ್ಡಿಗೆ ಅರ್ಥವಾಗುವ ಹಾಗೆ ಬದಲಾಯಿಸುವುದು, ಆಯಾ ಕಾರ್ಡಿನ ಡ್ರೈವರ್. ಎನ್ವಿಡಿಯಾ ಡ್ರೈವರ್ ಸ್ವಲ್ಪ ಉದಾರಿ. ಪೂರ್ಣಾಂಕ ಇರಬೇಕಾದ ಕಡೆ 8.0 ಅಂತ ಬರೆದರೆ ಎಚ್ಚರಿಕೆ ಕೊಟ್ಟು ಮುಂದೆ ಹೋಗುತ್ತದೆ. ಇಂಟೆಲ್, ಎಎಂಡಿಯಲ್ಲಿ ಅದೇ ಸಾಲಿಗೆ ಎರರ್ ಬಂದು ಶೇಡರ್ ಲೋಡ್ ಆಗದೆ ನಿಲ್ಲಬಹುದು. ನಮ್ಮಲ್ಲಿ ಗೇಮಿಂಗ್ ಲ್ಯಾಪ್‌ಟಾಪ್ ಇದ್ದವನು "ನಂದು ಓಡ್ತಿದೆಯಲ್ಲ" ಅಂತ ಒಂದು ವಾರ ವಾದ ಮಾಡಿದ. ತಪ್ಪು ಒಂದು ಚುಕ್ಕಿಯದು. ಆಟದ ಲಾಗ್ಸ್ ಫೋಲ್ಡರ್‌ನಲ್ಲಿರುವ ಲೇಟೆಸ್ಟ್ ಡಾಟ್ ಲಾಗ್ ತೆರೆದಿದ್ದರೆ ಮೊದಲ ದಿನವೇ ಕಾಣುತ್ತಿತ್ತು. ಈಗ ಸಹಾಯ ಕೇಳುವವರು ಆ ಲಾಗ್ ಕಳಿಸದೆ ಕೇಳುವ ಹಾಗಿಲ್ಲ.

ಯಾವ ಕನ್ನಡ?

ಶೇಡರ್‌ಗೆ ಕನ್ನಡ ಪದ ಹುಡುಕುತ್ತಾ ಒಂದು ಮಧ್ಯಾಹ್ನ ಕಳೆದೆವು. ಬೇಡ. ಶೇಡರ್, ಪ್ಯಾಕ್, ಬ್ಲಾಕ್ ಹಾಗೇ ಇರಲಿ. ನೆರಳು, ಅಲೆ, ಮಂಜು, ಬೆಳಕು, ಹೊಳಪು ಕನ್ನಡದಲ್ಲೇ ಚೆನ್ನಾಗಿವೆ. ಒಂದು ಪದ ಗೊತ್ತು ಮಾಡಿದ ಮೇಲೆ ಎಲ್ಲರೂ ಅದನ್ನೇ ಬಳಸಿ. ಒಂದು ಪುಟದಲ್ಲಿ ಫಾಗ್, ಇನ್ನೊಂದರಲ್ಲಿ ಮಂಜು ಇದ್ದರೆ ಹುಡುಕಿದವರಿಗೆ ಅರ್ಧವೇ ಸಿಗುತ್ತದೆ.

ಸೆಟ್ಟಿಂಗ್ ಹೆಸರುಗಳನ್ನು ಆಟದೊಳಗೇ ಕನ್ನಡದಲ್ಲಿ ತೋರಿಸಬಹುದು. ಮೈನ್‌ಕ್ರಾಫ್ಟ್ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ಅದರ ಸಂಕೇತ ಕೆಎನ್ ಅಂಡರ್‌ಸ್ಕೋರ್ ಐಎನ್. ಪ್ಯಾಕಿನ ಲ್ಯಾಂಗ್ ಫೋಲ್ಡರ್‌ನಲ್ಲಿ ಆ ಹೆಸರಿನ ಫೈಲ್ ಮಾಡಿ, ಪ್ರತಿ ಆಯ್ಕೆಗೆ ಒಂದು ಸಾಲು ಬರೆದರೆ ಆಯಿತು. ಕಾಮೆಂಟ್ ಅಂತ ಇನ್ನೊಂದು ಸಾಲು ಸೇರಿಸಿದರೆ ಅದು ವಿವರಣೆಯಾಗಿ ಕಾಣುತ್ತದೆ. ದಾಖಲೆಯ ಮೊದಲ ಎರಡು ವಾಕ್ಯ ಅಲ್ಲೇ ಹಾಕಿಬಿಡಿ. ಒಂದೇ ತೊಂದರೆ, ಆಟದೊಳಗೆ ಒತ್ತಕ್ಷರಗಳು ಸರಿಯಾಗಿ ಕೂರುವುದಿಲ್ಲ, ಕಿತ್ತು ಪಕ್ಕಕ್ಕೆ ಬರುತ್ತವೆ. ಕಬ್ಬು, ಮಂಡ್ಯ ಎರಡೂ ಕೆಟ್ಟು ಕಾಣುತ್ತವೆ. ನಮ್ಮ ಹಣೆಬರಹ.

ಹಂಚುವ ಮುಂಚೆ ಲೈಸೆನ್ಸ್ ಓದಿ

ಬಹಳಷ್ಟು ಶೇಡರ್ ಪ್ಯಾಕ್‌ಗಳಲ್ಲಿ ತಿದ್ದಿದ ಪ್ಯಾಕನ್ನು ಮತ್ತೆ ಹಂಚಬಾರದು ಅಂತ ಬರೆದಿರುತ್ತದೆ. ನಿಮ್ಮ ಮಟ್ಟಿಗೆ ತಿದ್ದಿಕೊಳ್ಳಬಹುದು, ಜಿಪ್ ಮಾಡಿ ಊರಿಗೆಲ್ಲ ಕೊಡುವ ಹಾಗಿಲ್ಲ. ಹಾಗಾಗಿ ನಮ್ಮ ದಾಖಲೆಯಲ್ಲಿ ಪ್ಯಾಕ್ ಇಲ್ಲ. ಎಲ್ಲಿಂದ ಇಳಿಸಿಕೊಳ್ಳಬೇಕು, ಯಾವ ಸಾಲು ಹೇಗೆ ಬದಲಾಗಬೇಕು, ಅಷ್ಟೇ ಇದೆ. ಪ್ಯಾಕ್ ಬರೆದವರ ಹೆಸರು ಮೊದಲ ಪುಟದಲ್ಲೇ ಇರಲಿ.

ಅಪ್‌ಡೇಟ್ ಬಂದ ದಿನ

ಇಬ್ಬರು ಮೂವರು ಇದ್ದರೆ ಒಂದು ಗೂಗಲ್ ಡಾಕ್ ಸಾಕು. ತಿದ್ದುವ ಕೈ ಜಾಸ್ತಿಯಾದಾಗ ಗಿಟ್‌ಗೆ ಹೋಗಿ, ಪ್ರತಿ ಪುಟ ಒಂದು ಸಾದಾ ಟೆಕ್ಸ್ಟ್ ಫೈಲ್. ಯಾರು ಏನು ಬದಲಾಯಿಸಿದರು ಅಂತ ಸಾಲು ಸಾಲಾಗಿ ಕಾಣುತ್ತದೆ, ಜಗಳ ಕಮ್ಮಿ.

ಪ್ರತಿ ಪುಟದ ತಲೆಯ ಮೇಲೆ "ಕೊನೆಗೆ ಮಾಡಿ ನೋಡಿದ್ದು" ಅಂತ ಆಟದ ವರ್ಷನ್, ಪ್ಯಾಕಿನ ವರ್ಷನ್, ತಾರೀಕು ಹಾಕಿ. ಅದರ ಪಕ್ಕದಲ್ಲಿ ನೋಡಿಕೊಳ್ಳುವ ಒಬ್ಬರ ಹೆಸರು. "ಎಲ್ಲರೂ" ಅಂತ ಬರೆದ ಪುಟವನ್ನು ನಮ್ಮಲ್ಲಿ ಯಾರೂ ನೋಡಿಕೊಳ್ಳಲಿಲ್ಲ. ಹೊಸ ವರ್ಷನ್ ಬಂದಾಗ ಎಲ್ಲ ಪುಟಗಳ ಮೇಲೂ ತಾನಾಗಿ "ಮತ್ತೆ ನೋಡಬೇಕು" ಅನ್ನೋ ಗುರುತು ಬೀಳಲಿ, ಒಂದೊಂದೇ ತೆಗೆಯುತ್ತಾ ಬನ್ನಿ. ಹಳೆ ಪುಟ ಅಳಿಸಬೇಡಿ, "ಹಳೇ ವರ್ಷನ್" ಫೋಲ್ಡರ್‌ಗೆ ಹಾಕಿ. ಹಳೆ ವರ್ಷನ್ ಬಿಟ್ಟು ಕದಲದ ಒಬ್ಬರಾದರೂ ಪ್ರತಿ ಗುಂಪಿನಲ್ಲೂ ಇರುತ್ತಾರೆ.

ಗುಂಪಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರವನ್ನು ಮೊದಲು ಪುಟದಲ್ಲಿ ಬರೆದು, ಆಮೇಲೆ ಅದರ ಲಿಂಕ್ ಕಳಿಸಿ. ವಾಯ್ಸ್ ನೋಟ್ ಹಾಕಿದವರು ಮುಂದಿನ ಭಾನುವಾರ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಬೇಕು ಅನ್ನೋದು ನಮ್ಮ ನಿಯಮ. ಮದ್ದೂರಿನ ಹುಡುಗ ಇಲ್ಲಿಯವರೆಗೆ ಎರಡು ಸಲ ಕೊಡಿಸಿದ್ದಾನೆ.